ಇಡ್ಲಿ ತಟ್ಟೆಯಲ್ಲಿ ಸ್ಕ್ರೂ

ನಿನ್ನೆ ಹಾಸನದಲ್ಲಿ ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ಊಟದ ಟೇಬಲ್ ಮೇಲೆ ಹಳೇ ಲ್ಯಾಪ್‌ಟಾಪನ್ನು ಬೋರಲು ಹಾಕಿ ಕೂತೆ.

ಎರಡು ವಾರದಿಂದ ಹಾರ್ಡ್ ಡಿಸ್ಕ್ ಟಕ್ ಟಕ್ ಅನ್ನುತ್ತಿತ್ತು. ಪೇಟೆಯ ಅಂಗಡಿಯಲ್ಲಿ ಕೇಳಿದ್ದೆ. "ಬಿಟ್ಟು ಹೋಗಿ ಸಾರ್, ನಾಲ್ಕು ದಿನ ಆಗುತ್ತೆ" ಅಂದರು. ಅವರ ತಪ್ಪೇನಿಲ್ಲ. ಆದರೆ ಒಳಗೆ ಅಪ್ಪನ ಫೋಟೋಗಳಿದ್ದವು, ಬಿಟ್ಟು ಬರಲು ಮನಸ್ಸಾಗಲಿಲ್ಲ.

ಮೊದಲು ಫೋಟೋ ಎಲ್ಲ ಬೇರೆ ಡ್ರೈವ್‌ಗೆ ಕಾಪಿ ಮಾಡಿಕೊಂಡೆ. ಆಮೇಲೆ ಹಳೇ ಡಿಸ್ಕ್ ಜಾಗಕ್ಕೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಂದೆ, ಅಂದರೆ ಅದೇ ಪಿನ್ನಿಗೆ ಕೂರುವ, ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲೇ ಎಲ್ಲ ಉಳಿಸಿಕೊಳ್ಳುವ ಡ್ರೈವ್. ಹಿಂಬದಿಯ ಸ್ಕ್ರೂಗಳಲ್ಲಿ ಕೆಲವು ಗಿಡ್ಡ, ಕೆಲವು ಉದ್ದ. ಬೆರೆತರೆ ಕಥೆ ಮುಗೀತು. ಅದಕ್ಕೇ ಇಡ್ಲಿ ತಟ್ಟೆ ತಂದು ಒಂದೊಂದು ಮೂಲೆಯದನ್ನು ಒಂದೊಂದು ಗುಳಿಗೆ ಹಾಕಿದೆ. ಬ್ಯಾಟರಿ ವೈರ್ ಬಿಡಿಸಿ, ಹಳೇ ಡಿಸ್ಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದೆ. ಮೇಲಕ್ಕೆ ಎಳೆಯಬಾರದು, ಪಿನ್ನು ಮುರಿಯುತ್ತೆ. ಹೊಸದು ಸುಮ್ನೆ ಹೋಗಿ ಕೂತಿತು. ವಿಂಡೋಸ್ ಹಾಕಿದ್ದಷ್ಟೇ ಬೇಜಾರಿನ ಕೆಲಸ.

ಈಗ ಆನ್ ಮಾಡಿದರೆ ಸದ್ದೇ ಇಲ್ಲ. ಹಳೇ ಡಿಸ್ಕಿನೊಳಗೆ ನಿಮಿಷಕ್ಕೆ 5400 ಸುತ್ತು ತಿರುಗುತ್ತಿದ್ದ ತಟ್ಟೆ ಈಗಿಲ್ಲ, ಅಲ್ವಾ? ಇಷ್ಟು ವರ್ಷ ಆ ಗುಂಯ್ ಸದ್ದನ್ನೇ ಲ್ಯಾಪ್‌ಟಾಪಿನ ಉಸಿರು ಅಂದುಕೊಂಡಿದ್ದೆ. ಡಿಸ್ಪ್ಲೇ ಕೆಟ್ಟರೆ ಮಾತ್ರ ಅಂಗಡಿಗೇ ಹೋಗುತ್ತೇನೆ, ಅಷ್ಟು ಧೈರ್ಯ ನನಗಿಲ್ಲ.

ರಾತ್ರಿ ಅಮ್ಮ ತಟ್ಟೆ ತೊಳೆಯಲು ಹೋಗಿ ಕೂಗಿದರು: "ಲೋ, ಇದರಲ್ಲಿ ಇನ್ನೂ ಒಂದು ಸ್ಕ್ರೂ ಇದೆ ಕಣೋ!"