ಅವ್ವನ ಕಣ್ಣಿಗೆ ನೀಲಿ ಬಂದ ದಿನ

"ಎಷ್ಟು ಬೆರಳು ಕಾಣ್ತಾವ ಹೇಳ್ರಿ ಅಮ್ಮಾ?" ಡಾಕ್ಟರು ಕೇಳಿದರು. ಬಲಗಣ್ಣಿನ ಪಟ್ಟಿ ಆಗಷ್ಟೇ ಬಿಚ್ಚಿದ್ದರು.

ಅವ್ವ ಕಣ್ಣು ಪಿಳಿಪಿಳಿ ಮಾಡಿದಳು. "ಎರಡ್ರಿ" ಅಂದಳು. ಸ್ವಲ್ಪ ತಡೆದು, "ನಿಮ್ಮ ಕೋಟಿಂದು ನಡುವಿನ ಗುಂಡಿ ಬ್ಯಾರೆ ಐತ್ರಿ. ಉಳಿದವು ಬಿಳೇವು. ಅದೊಂದು ಕೆನಿ ಬಣ್ಣದ್ದು" ಅಂತ ಮೆಲ್ಲಗೆ ಸೇರಿಸಿದಳು.

ಡಾಕ್ಟರು ಬಗ್ಗಿ ತಮ್ಮ ಕೋಟು ನೋಡಿಕೊಂಡರು. ಹೌದು, ಬೇರೆ ಗುಂಡಿ. "ಇಷ್ಟು ದಿನ ನಾನೇ ನೋಡಿರಲಿಲ್ಲಲ್ರಿ!" ಅಂತ ನಕ್ಕರು. ನರ್ಸ್ ನಕ್ಕಳು. ನನಗೆ ಮಾತ್ರ ಗಂಟಲು ಕಟ್ಟಿತು.

ಅವ್ವನ ಕಣ್ಣಿಗೆ ಪೊರೆ ಬಂದು ಎಷ್ಟು ವರ್ಷವಾಗಿತ್ತೋ. ಅದು ಒಂದೇ ದಿನಕ್ಕೆ ಬರುವಂಥದ್ದಲ್ಲ. ಅಕ್ಕಿಯ ಕಲ್ಲನ್ನು ನೋಡಿ ಆರಿಸುತ್ತಿದ್ದವಳು ಬೆರಳಿನಿಂದ ಸವರಿ ಆರಿಸತೊಡಗಿದ್ದಳು. ಗುಳೇದಗುಡ್ಡದ ಮನೆಗೆ ಸಂಜೆ ಹೊತ್ತು ಯಾರಾದರೂ ಬಂದರೆ, ದನಿ ಕೇಳುವ ತನಕ ಸುಮ್ನೆ ನಿಂತುಬಿಡುತ್ತಿದ್ದಳು. ಒಮ್ಮೆ ನನ್ನ ಮಗನ ಕೆಂಪು ಅಂಗಿಗೆ ಕಂದು ದಾರದಲ್ಲಿ ಗುಂಡಿ ಹಚ್ಚಿಕೊಟ್ಟಳು. ನಾವೆಲ್ಲ ನಕ್ಕೆವು. ಅವಳೂ ನಕ್ಕಳು. ಆ ನಗು ನೆನಪಾದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಅಪ್ಪನ ಮಗ್ಗಕ್ಕೆ 30 ವರ್ಷ ಕಂಡಿಕಿ ಸುತ್ತಿದವಳು ಅವಳು. ನೂಲಿನ ಬಣ್ಣ ಒಂದು ಚೂರು ಹೆಚ್ಚು ಕಡಿಮೆಯಾಗಿದ್ದರೂ ಅಡುಗೆಮನೆಯ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಅಂಥವಳು ಕೆಂಪಿಗೆ ಕಂದು ಹಾಕಿದಾಗ ನಗು ಬರಬಾರದಿತ್ತು.

ಆಮೇಲೂ ಎರಡು ವರ್ಷ ಮುಂದೂಡಿದೆ. ಮಗನ ಪರೀಕ್ಷೆ, ಮನೆ ಸಾಲದ ಕಂತು, ಆಫೀಸಿನಲ್ಲಿ ವರ್ಷದ ಲೆಕ್ಕ ಮುಗಿಸುವ ಗಡಿಬಿಡಿ. "ಇರಲಿ ಬಿಡವಾ, ನನಗೇನು ಮೋಟಾರ ಓಡಸೂದೈತೇನ?" ಅಂತ ಅವ್ವನೂ ಅನ್ನುತ್ತಿದ್ದಳು. ಅವಳಿಗೆ ಒಳಗೊಳಗೇ ಹೆದರಿಕೆ. ನನ್ನ ಅಜ್ಜಿಗೆ ಆಪರೇಷನ್ ಆದದ್ದನ್ನು ಅವಳು ಕಂಡಿದ್ದಳು. ಆಗೆಲ್ಲ ದಿನಗಟ್ಟಲೆ ತಲೆ ಅಲುಗಿಸದೆ ಅಂಗಾತ ಮಲಗಬೇಕಿತ್ತು. ಕಣ್ಣೊಳಗಿನ ಮಸೂರ ತೆಗೆಯುತ್ತಿದ್ದರು, ಬದಲಿಗೆ ಇನ್ನೊಂದು ಹಾಕುತ್ತಿರಲಿಲ್ಲ. ಅಜ್ಜಿ ಸಾಯುವ ತನಕ ಸೋಡಾಬುಡ್ಡಿ ಚಷ್ಮಾ ಹಾಕಿಕೊಂಡೇ ಇದ್ದಳು.

ಈಗ ಹಾಗಿಲ್ಲ. ಬಾಗಲಕೋಟೆಯ ನವನಗರದ ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧದ ಹನಿ ಹಾಕಿಯೇ ಮರಗಟ್ಟಿಸಿದರು. ಎರಡು ಮೂರು ಮಿಲಿಮೀಟರಿನ ಗಾಯ ಮಾಡಿ, ಶಬ್ದದ ಅಲೆಗಳಿಂದ ಹಳೆಯ ಮಸೂರವನ್ನು ಪುಡಿ ಮಾಡಿ ಹೀರಿ ತೆಗೆದು, ಮಡಚಿದ ಹೊಸ ಮಸೂರವನ್ನು ಅದೇ ದಾರಿಯಲ್ಲಿ ಒಳಗೆ ಬಿಟ್ಟರು. 20 ನಿಮಿಷ ಆಗಿರಬೇಕು. ಹೊರಗೆ ಕರೆತಂದಾಗ ಅವ್ವ, "ಇನ್ನೂ ಶುರು ಮಾಡಿಲ್ಲೇನ?" ಅಂತ ಕೇಳಿದಳು.

ಆ ರಾತ್ರಿ ಅವಳಿಗೆ ನಿದ್ದೆ ಬರಲಿಲ್ಲ. ನನ್ನ ಮೊಬೈಲಿನಲ್ಲಿ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನ ಹಚ್ಚಿ ಕಿವಿಯ ಹತ್ತಿರ ಇಟ್ಟೆ. ಸ್ವಾಮೀಜಿ 2023ರ ಜನವರಿ 2ರಂದು ತೀರಿಕೊಂಡ ಮೇಲೂ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಬೆಳಗು ಅವರ ದನಿಯಿಂದಲೇ ಆಗುತ್ತದೆ. ಹಿಂದೊಮ್ಮೆ ಅವ್ವ ಅವರ ಪ್ರವಚನಕ್ಕೆ ಹೋಗಿದ್ದಳು. ಕೂರಲು ಜಾಗ ಸಿಕ್ಕಿದ್ದು ಹಿಂದೆ. ಅಷ್ಟೊತ್ತಿಗಾಗಲೇ ಕಣ್ಣು ಮಂಜು. "ದನಿ ಕೇಳಿದ್ನಿ. ಬೆಳ್ಳಗ ಏನೋ ಕಂಡ್ತು, ಅಷ್ಟ. ಅವರ ಅಂಗಿಗಿ ಕಿಸೆ ಇರೂದಿಲ್ಲ ಅಂತಾರಲ್ಲ, ಅದು ಕಾಣಲಿಲ್ಲ ನೋಡು" ಅಂದಳು. ಇನ್ನೊಬ್ಬರಿಂದ ಏನೂ ಇಸಿದುಕೊಂಡು ಇಟ್ಟುಕೊಳ್ಳುವುದಿಲ್ಲ ಅನ್ನುವವರ ಅಂಗಿಗೆ ಕಿಸೆ ಯಾಕೆ ಬೇಕು, ಅಲ್ವಾ?

ಇದು ಹಿಂದಿನ ದಿನದ ಮಾತು. ನಾನು ಹೇಳಬೇಕೆಂದಿದ್ದು ಪಟ್ಟಿ ಬಿಚ್ಚಿದ ದಿನದ ಬಗ್ಗೆ.

ಮನೆಗೆ ಆಟೋದಲ್ಲಿ ಹೊರಟೆವು. ಆಲಮಟ್ಟಿ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಭಾಗ ಮುಳುಗುತ್ತದೆ ಅಂತಾದಾಗ ಜನರಿಗಾಗಿ ಕಟ್ಟಿದ ಊರು ನವನಗರ. ಎಲ್ಲ ಸೆಕ್ಟರುಗಳು, ಎಲ್ಲ ನೆಟ್ಟಗಿನ ರಸ್ತೆಗಳು. ಹತ್ತು ವರ್ಷದಿಂದ ಇಲ್ಲಿದ್ದೇನೆ. ಗುಳೇದಗುಡ್ಡದ ಕೆಂಪು ಗುಡ್ಡ, ಓಣಿ ಓಣಿಯ ಮಗ್ಗದ ಸದ್ದು ಬಿಟ್ಟು ಬಂದ ನನಗೆ ಈ ಊರಲ್ಲಿ ನೋಡಲು ಏನಿದೆ ಅನ್ನಿಸುತ್ತಿತ್ತು. ಅವ್ವ ಕರಿ ಚಷ್ಮಾ ಮೂಗಿನ ಮೇಲೆ ಜಾರಿಸಿಕೊಂಡು ಆ ಊರನ್ನು ತಿನ್ನುವ ಹಾಗೆ ನೋಡಿದಳು. ಅಂಗಡಿಗಳ ಬೋರ್ಡನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. "ಹಿ-ಟ್ಟಿ-ನ ಗಿ-ರ-ಣಿ" ಅಂತ ಪೂರ್ತಿ ಓದಿ ಮುಗಿಸುವಷ್ಟರಲ್ಲಿ ಆಟೋ ಮುಂದೆ ಹೋಗಿತ್ತು. ಹಾಲಿನ ಪ್ಯಾಕೆಟ್ ಹೊತ್ತ ಸೈಕಲ್ ನೋಡಿ, "ಹಾಲು ಇಷ್ಟ ಬೆಳ್ಳಗಿರತೈತೇನ!" ಅಂದಳು. ಬೇವಿನ ಗಿಡದ ಕೆಳಗೆ ಆಟೋ ನಿಂತಾಗ ಮೇಲೆ ನೋಡಿದವಳು ಮಾತೇ ಆಡಲಿಲ್ಲ. ಆಮೇಲೆ ಹೇಳಿದಳು: ಇಷ್ಟು ದಿನ ಗಿಡ ಅಂದರೆ ಒಂದು ಹಸಿರು ಗುಂಪೆ ಮಾತ್ರ ಕಾಣುತ್ತಿತ್ತಂತೆ. ಇವತ್ತು ಎಲೆ ಎಲೆ ಬೇರೆ ಬೇರೆ ಕಂಡವಂತೆ.

ಡಾಕ್ಟರು ಇದನ್ನು ಚೆನ್ನಾಗಿ ತಿಳಿಸಿದ್ದರು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಮಂಜಾಗುವುದಷ್ಟೇ ಅಲ್ಲ, ಹಳದಿಗೂ ಕಂದಿಗೂ ತಿರುಗುತ್ತದೆ. ಕಂದೀಲಿನ ಗಾಜಿಗೆ ಹೊಗೆ ಹಿಡಿದ ಹಾಗೆ. ಬಿಳಿ ಕೊಳೆಯಾಗಿ ಕಾಣುತ್ತದೆ. ನೀಲಿಯ ಬೆಳಕು ಒಳಗೆ ಸರಿಯಾಗಿ ಬರುವುದೇ ಇಲ್ಲ, ನೀಲಿ ಹಸಿರಿನ ಹಾಗೆ ಕಾಣುತ್ತದೆ. ನಿಧಾನಕ್ಕೆ ಆಗುವುದರಿಂದ ಆ ಮನುಷ್ಯನಿಗೆ ಗೊತ್ತೇ ಆಗುವುದಿಲ್ಲ, ಲೋಕವೇ ಹಾಗಿದೆ ಅಂದುಕೊಳ್ಳುತ್ತಾರೆ.

ಆ ಕೊನೆಯ ಮಾತು ನನ್ನ ಮನಸ್ಸಿಗೆ ನಾಟಿತು. ಅವ್ವನಿಗೆ ಕಣ್ಣಿನ ಪೊರೆ. ನನಗೆ ಯಾವ ಪೊರೆ ಇತ್ತು?

ಮನೆಯಲ್ಲಿ ಚಹಾ ಕೊಟ್ಟೆ. ಕಪ್ಪು ಇಸಿದುಕೊಳ್ಳುವಾಗ ಅವ್ವ ನನ್ನ ಕೈ ಹಿಡಿದು ಹತ್ತಿರ ಎಳೆದಳು. ನನ್ನ ಮುಖ ನೋಡಿದಳು. ಹಣೆಯಿಂದ ಶುರು ಮಾಡಿ ಗಲ್ಲದ ತನಕ ಸಾವಕಾಶವಾಗಿ, ರೊಟ್ಟಿ ಬೆಂದಿದೆಯೋ ಇಲ್ಲವೋ ನೋಡುವ ಹಾಗೆ. ಕಿವಿಯ ಹತ್ತಿರದ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಿರುಗಿಸಿದಳು.

"ಯಾವಾಗ ಹಣ್ಣಾತವಾ ಇದು?"

"ಆಗಿ ಭಾಳ ದಿನ ಆತಲ್ಲವಾ."

"ನನಗ ಹೇಳಲೇ ಇಲ್ಲಲ್ಲ" ಅಂದಳು. ಕೂದಲು ಹಣ್ಣಾದದ್ದನ್ನು ಯಾರಾದರೂ ಹೇಳುತ್ತಾರೆಯೇ? ಆದರೆ ಅವಳು ನಿಜವಾಗಿಯೂ ನೊಂದಿದ್ದಳು. ಕಣ್ಣ ಕೆಳಗಿನ ಕಪ್ಪನ್ನು ಹೆಬ್ಬೆರಳಿನಿಂದ ಸವರಿ, "ನಿದ್ದಿ ಮಾಡೂದಿಲ್ಲೇನ ನೀ?" ಅಂತ ಕೇಳಿದಳು. ನಾಲ್ಕೈದು ವರ್ಷದಲ್ಲಿ ಯಾರೂ ನನ್ನನ್ನು ಅಷ್ಟು ಹೊತ್ತು ನೋಡಿರಲಿಲ್ಲ. ನಾನೂ ಅವಳನ್ನು ನೋಡಿರಲಿಲ್ಲ. ಆ ದಿನ ನೋಡಿದೆ. ಎಡ ಹುಬ್ಬಿನ ಮೇಲೆ ಒಂದು ಸಣ್ಣ ಗಾಯದ ಗುರುತಿದೆ ಅವಳಿಗೆ. ಯಾವಾಗ ಆದದ್ದು ಅಂತ ಕೇಳಿದರೆ, "ನೀ ಹುಟ್ಟೂಕಿಂತ ಮೊದಲಿಂದ್ದು" ಅಂದಳು.

ಅಡುಗೆಮನೆಗೆ ಅವಳು ಹೋಗಬಾರದಿತ್ತು. ಹೊಗೆ, ಬೆಂಕಿಯ ಝಳ ಬೇಡ, ತಲೆಗೆ ನೀರು ಬೇಡ, ಬಗ್ಗುವುದು ಬೇಡ ಅಂತ ಹೇಳಿ ಕಳಿಸಿದ್ದರು. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ನಾನು ರೊಟ್ಟಿ ಬಡಿಯುವುದನ್ನು ನೋಡುತ್ತ ಕೂತಳು. ಬಿಸಿ ಎಸರು ಹಾಕಿ ನಾದಿದ ಬಿಳಿಜೋಳದ ಹಿಟ್ಟು. ಒಂದು ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಹಾಕಿದೆ. ಅದು ಒಂದು ಬದಿಯಿಂದ ಮೆಲ್ಲಗೆ ಉಬ್ಬುತ್ತ ಬಂತು. ಆವಿ ಒಂದು ತೂತಿನಿಂದ ಸುಂಯ್ ಅಂತ ಹೊರಬಿತ್ತು. "ತಡಿ, ಕೈ ಹಚ್ಚಬ್ಯಾಡ" ಅಂದಳು ಅವ್ವ. ಇಬ್ಬರೂ ನೋಡಿದೆವು. ಹುಟ್ಟಿದಾಗಿನಿಂದ ನಾನು ಎಷ್ಟು ಸಾವಿರ ರೊಟ್ಟಿ ತಿಂದಿದ್ದೇನೋ, ಒಂದು ರೊಟ್ಟಿ ಪೂರ್ತಿ ಉಬ್ಬಿ ಇಳಿಯುವ ತನಕ ಬೇರೇನೂ ಮಾಡದೆ ನಿಂತು ನೋಡಿದ್ದು ಅದೇ ಮೊದಲು. ಆ ರೊಟ್ಟಿಯ ಮೇಲೆ ಗುರೆಳ್ಳು ಹಿಂಡಿ, ಎಣ್ಣೆ ಹಾಕಿ, ಪಕ್ಕಕ್ಕೆ ಮೊಸರು, ಗುದ್ದಿದ ಉಳ್ಳಾಗಡ್ಡಿ. ಅಷ್ಟೇ ಊಟ. ಅವ್ವ ಗುರೆಳ್ಳಿನ ಕರಿ ಚುಕ್ಕೆ ಮೊಸರಿನಲ್ಲಿ ಹರಡುವುದನ್ನು ನೋಡುತ್ತ ಉಂಡಳು.

ಇಲ್ಲಿ ಒಂದು ಮಾತು ಹೇಳಬೇಕು. ಆಫೀಸಿನಲ್ಲಿ ಒಮ್ಮೆ ತರಬೇತಿ ಇಟ್ಟಿದ್ದರು. ಮನಸ್ಸಿನ ನೆಮ್ಮದಿಗೆ ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆದಿಡಿ ಅಂತ ಹೇಳಿದರು. ರಾಬರ್ಟ್ ಎಮನ್ಸ್, ಮೈಕಲ್ ಮೆಕಲಾ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಬಗ್ಗೆಯೂ ಹೇಳಿದರು. ಕೆಲವು ವಿದ್ಯಾರ್ಥಿಗಳು 10 ವಾರ, ವಾರಕ್ಕೊಮ್ಮೆ, ತಮಗೆ ಕೃತಜ್ಞತೆ ಅನ್ನಿಸಿದ 5 ಸಂಗತಿಗಳ ತನಕ ಬರೆದರು. ಇನ್ನು ಕೆಲವರು ಕಿರಿಕಿರಿಗಳನ್ನು ಬರೆದರು. ಮೊದಲಿನವರಿಗೆ ತಮ್ಮ ಬದುಕಿನ ಬಗ್ಗೆ ಜಾಸ್ತಿ ಸಮಾಧಾನ ಕಂಡಿತು. ನಾನೂ ನಂಬಿ ಒಂದು ನೋಟ್‌ಬುಕ್ ತಂದೆ. ಮೊದಲ ದಿನ ಬರೆದೆ: ಆರೋಗ್ಯ, ಕುಟುಂಬ, ಕೆಲಸ. ಎರಡನೇ ದಿನ: ಕುಟುಂಬ, ಆರೋಗ್ಯ, ಕೆಲಸ. ಎರಡು ವಾರಕ್ಕೆ ಬಿಟ್ಟೆ. ತಪ್ಪು ಆ ಪದ್ಧತಿಯದ್ದಲ್ಲ. ನೋಡದೆ ಬರೆದರೆ ಬರೆಯಲು ಏನು ಸಿಗುತ್ತದೆ? ಅವ್ವ ಬೆಳಗ್ಗೆಯಿಂದ ಕಂಡದ್ದನ್ನೆಲ್ಲ ಬರೆದರೆ ಪುಟ ಸಾಲುತ್ತಿರಲಿಲ್ಲ. ಕೋಟಿನ ಗುಂಡಿ, ಬೇವಿನ ಎಲೆ, ಹಿಟ್ಟಿನ ಗಿರಣಿಯ ಬೋರ್ಡು. ಅವಳು ಅವನ್ನು ಸುಖ ಅಂತಲೂ ಕರೆಯಲಿಲ್ಲ. ಕಂಡಕೂಡಲೇ ಹೆಸರು ಹಿಡಿದು ಹೇಳಿದಳು, ಅಷ್ಟೇ.

ಮಧ್ಯಾಹ್ನ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತಿದ್ದಳು. ಅದರಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರ ಚಿತ್ರ. ಮೂಗು ತಾಗುವಷ್ಟು ಹತ್ತಿರ ಹೋಗಿ, ಮತ್ತೆ ಎರಡು ಹೆಜ್ಜೆ ಹಿಂದೆ ಬಂದು ನೋಡಿದಳು. "ಖರೇನ ಕಿಸೆ ಇಲ್ಲ ನೋಡವಾ" ಅಂದು ಕೈ ಮುಗಿದಳು.

ಸಂಜೆ ಮೈಗಷ್ಟೇ ನೀರು ಹಾಕಿಸಿ, ಉಡಲು ಕೊಡೋಣ ಅಂತ ಅವಳ ಚೀಲ ತೆಗೆದೆ. ಇಳಕಲ್ ಸೀರೆಯ ಅಡಿಯಲ್ಲಿ ಒಂದು ಖಣದ ಕುಬಸ ಇತ್ತು. ಅಪ್ಪ ಕುಣಿಮಗ್ಗದಲ್ಲಿ ಕೂತು ನೇಯ್ದ ಕೊನೆಯ ಖಣಗಳಲ್ಲಿ ಒಂದು. ಸಣ್ಣ ಸಣ್ಣ ತೇರಿನ ಚಿತ್ತಾರ, ಕೆಂಪು ದಡಿ. ಅವ್ವ ಅದನ್ನು ತೊಡೆಯ ಮೇಲೆ ಹರಡಿಕೊಂಡಳು. ಚಷ್ಮಾ ತೆಗೆದಳು.

"ಇದು ನೀಲಿ ಐತಿ."

"ಹೌದವಾ, ನೀಲಿನ."

"ನಾ ಹಸರು ಅಂದಿದ್ನೆಲ್ಲ."

ಆಗ ನೆನಪಾಯಿತು. ಈ ಖಣ ಮಗ್ಗದಿಂದ ಇಳಿಸಿದ ದಿನ ಮನೆಯಲ್ಲಿ ಜಗಳವಾಗಿತ್ತು. ಕುಬಸಕ್ಕೆ ನೀಲಿ ಖಣ ಬೇಕು ಅಂತ ಕೇಳಿದ್ದು ಅವ್ವ. ಅಪ್ಪ ನೇಯ್ದು ಕೊಟ್ಟಿದ್ದ. ಅವಳು ನೋಡಿ, "ಹಸರು ನೇದು ನೀಲಿ ಅಂತ ಹೇಳ್ತೀರೇನ?" ಅಂತ ಸಿಟ್ಟಾಗಿದ್ದಳು. "ನಲವತ್ತು ವರ್ಷ ಬಣ್ಣದಾಗ ಕೈ ಇಟ್ಟಾಂವ ನಾ, ನನಗ ಹೇಳ್ತಿಯೇನ?" ಅಂತ ಅವನೂ ದನಿ ಏರಿಸಿದ್ದ. ಎರಡು ದಿನ ಮಾತು ಬಿಟ್ಟಿದ್ದರು. ಅಪ್ಪ ಈಗ ಇಲ್ಲ. ಅವಳ ಕಣ್ಣಿಗೆ ಆಗಲೇ ಪೊರೆ ಶುರುವಾಗಿತ್ತು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಹಸಿರು ಅಂತ ತಿಳಿದೂ ಅವಳು ಆ ಕುಬಸವನ್ನೇ ಹೊಲಿಸಿಕೊಂಡಿದ್ದಳು, ಹಬ್ಬಕ್ಕೆ ಅದನ್ನೇ ತೊಡುತ್ತಿದ್ದಳು.

ಕಿಟಕಿಯ ಹತ್ತಿರ ಹೋಗಿ ಕುಬಸ ಹಿಡಿದಳು. ಆಪರೇಷನ್ ಆದ ಕಣ್ಣು ಒತ್ತಬಾರದು ಅಂತ ಹೇಳಿದ್ದರು, ಅದಕ್ಕೆ ಅಂಗೈಯನ್ನು ಸ್ವಲ್ಪ ದೂರ ಇಟ್ಟು ಮರೆ ಮಾಡಿಕೊಂಡಳು. ಎಡಗಣ್ಣಲ್ಲಿ ಇನ್ನೂ ಪೊರೆ ಇತ್ತು, ಅದಕ್ಕೆ ಮುಂದಿನ ತಿಂಗಳ ದಿನ ಕೊಟ್ಟಿದ್ದರು. ಒಮ್ಮೆ ಬಲಗಣ್ಣು ಮರೆ. ಒಮ್ಮೆ ಎಡಗಣ್ಣು ಮರೆ. ಮತ್ತೆ ಬಲಗಣ್ಣು.

"ಈ ಕಣ್ಣಾಗ ನೀಲಿ" ಅಂದಳು. "ಈ ಕಣ್ಣಾಗ ಇನ್ನೂ ಹಸರ ಐತಿ."

ಬೆಳಕು ಕಡಿಮೆಯಾಗುವ ತನಕ ಹಾಗೇ ನೋಡಿದಳು. ರಾತ್ರಿ ಡ್ರಾಪ್ಸ್ ಹಾಕುವ ಹೊತ್ತಾಗಿತ್ತು. ತಲೆ ಹಿಂದಕ್ಕೆ ಒರಗಿಸಿ ಕೂರಿಸಿ, ಕೆಳರೆಪ್ಪೆ ಮೆಲ್ಲಗೆ ಎಳೆದು ಒಂದು ಹನಿ ಬಿಟ್ಟೆ. ಕಣ್ಣು ಮುಚ್ಚಿಕೊಂಡೇ, ಕುಬಸವನ್ನು ಮಡಿಲಲ್ಲಿ ಹಿಡಿದುಕೊಂಡು ಕೇಳಿದಳು:

"ಮುಂದಿನ ತಿಂಗಳು ಅಂದ್ರ ಇನ್ನೂ ಎಷ್ಟು ದಿನ ಆತವಾ?"