ಬಲಪುಟದ ಸಾಲು

ಇವತ್ತು ನೋಡಿದ ನಮ್ಮ ತರಗತಿ ಮಕ್ಕಳ ಓದಿನ ಟಿಪ್ಪಣಿಗಳಲ್ಲಿ ಒಂದು ಸಾಲು ತಲೆಯಿಂದ ಹೋಗ್ತಾನೇ ಇಲ್ಲ. ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿ ಓದಿದ ಹುಡುಗಿಯದ್ದು. ಹಾರುವ ಓತಿ ಕೈಗೆ ಸಿಗದೆ ಹೋದದ್ದಕ್ಕೆ ಖುಷಿಯಂತೆ, ಆದರೆ ಅದನ್ನ ಹುಡುಕ್ತಾ ಅಷ್ಟು ಕಾಡು ಅಲೆದ ಮಂದಣ್ಣನಿಗೆ ಹೇಗನ್ನಿಸಿರಬೇಕು ಅಂತ.

ಸಾರಾಂಶ ಬರೀರಿ ಅಂದ್ರೆ ಇದು ಹುಟ್ಟಲ್ಲ. ಬೆನ್ನುಪುಟದ ಮಾತೇ ವಾಪಸ್ ಬರುತ್ತೆ.

ಅದರ ಬದಲು ಮಕ್ಕಳು ಹೀಗೆ ಬರೀಲಿ: ನೋಟ್‌ಬುಕ್ಕಿನ ಎಡಪುಟದಲ್ಲಿ ಓದು ತಡೆದು ನಿಲ್ಲಿಸಿದ ಒಂದೇ ವಾಕ್ಯ, ಪುಟಸಂಖ್ಯೆ ಸಮೇತ. ಬಲಪುಟದಲ್ಲಿ ಯಾಕೆ ನಿಲ್ಲಿಸಿತು ಅಂತ ಮೂರ್ನಾಲ್ಕು ಸಾಲು. ಪುಸ್ತಕ ಮುಗಿಯೋವರೆಗೆ ಕಾಯಬಾರದು. ಕೊನೆ ಗೊತ್ತಾದ ಮೇಲೆ ನಡುವಿನ ಅನುಮಾನಗಳೆಲ್ಲ ಮರೆತೇಹೋಗ್ತವೆ.

ಕಾಗುಣಿತಕ್ಕೆ ಕೆಂಪು ಗೀಟಂತೂ ಬೇಡವೇ ಬೇಡ. ಒಮ್ಮೆ ಬಿತ್ತೋ, ಆಮೇಲೆ ಬರೋದು ‘ತುಂಬಾ ಚೆನ್ನಾಗಿದೆ’ ಅಷ್ಟೇ.

ತಾವೇ ಆರಿಸಿಕೊಂಡ ಪುಸ್ತಕಕ್ಕೂ ಇದೇ ಕ್ರಮ. ಅದಕ್ಕೆ ಅಂಕ ಮಾತ್ರ ಹಾಕಬೇಡಿ.