ಫೀಸು ಕಟ್ಟೋವರೆಗೂ ಮೇಡಂ ಮೇಡಂ, ಆಮೇಲೆ ಫೋನೇ ಎತ್ತಲ್ಲ

ಈ ಡಿಸ್ಟೆನ್ಸ್ ಎಜುಕೇಷನ್ ನಡೆಸೋರ ಹತ್ರ ಅಡ್ಮಿಷನ್ ಸೆಕ್ಷನ್ ಒಂದು ಮಾತ್ರ ಭಾರಿ ಚೆನ್ನಾಗಿರತ್ತೆ ಕಣ್ರೀ. ರಾತ್ರಿ ಹತ್ತು ಗಂಟೆಗೆ ಮೆಸೇಜ್ ಮಾಡಿದ್ರೂ ರಿಪ್ಲೈ, ಭಾನುವಾರ ಬೆಳಗ್ಗೆನೂ ಫೋನು, "ಇವತ್ತೇ ಲಾಸ್ಟ್ ಡೇಟು ಮೇಡಂ, ಸೀಟ್ ಬ್ಲಾಕ್ ಮಾಡ್ಲಾ" ಅಂತ. ಆ ಲಾಸ್ಟ್ ಡೇಟು ಮುಂದಿನ ವಾರಾನೂ ಬರತ್ತೆ, ಅದರ ಮುಂದಿನ ವಾರಾನೂ ಬರತ್ತೆ. ಅಲ್ಲಿ ಎಲ್ಲರಿಗೂ ಟಾರ್ಗೆಟ್ ಇರತ್ತೆ, ಪಾಠ ಮಾಡೋ ಟಾರ್ಗೆಟ್ ಮಾತ್ರ ಯಾರಿಗೂ ಇರಲ್ಲ.

ನಾನು ತುಮಕೂರಲ್ಲಿ ಒಂದು ಸೊಸೈಟಿಲಿ ಕ್ಲರ್ಕ್ ಆಗಿದ್ದಾಗ ಎಂಕಾಂ ಮಾಡ್ಬೇಕು ಅನ್ಕೊಂಡೆ. ಪ್ರಮೋಷನ್ ಒಂದು ಕಾರಣ, ಆದ್ರೆ ನಿಜವಾಗ್ಲೂ ನಂಗೆ ಕಾಸ್ಟಿಂಗ್, ಅಂದ್ರೆ ವೆಚ್ಚದ ಲೆಕ್ಕಾಚಾರ, ಅಂದ್ರೆ ಇಷ್ಟ, ಬಿಕಾಂನಲ್ಲಿ ಅರ್ಧಂಬರ್ಧ ಅರ್ಥ ಆಗಿದ್ದನ್ನ ಕೂತು ಸರಿಯಾಗಿ ಓದ್ಬೇಕು ಅಂತ ಆಸೆ ಇತ್ತು. ಬಸ್ ಸ್ಟಾಂಡ್ ಹತ್ರ ಮೊಬೈಲ್ ಅಂಗಡಿ ಮೇಲೆ ಒಂದು ಸ್ಟಡಿ ಸೆಂಟರ್ ಇತ್ತು, ಉತ್ತರ ಭಾರತದ ಕಡೆಯ ಯಾವುದೋ ಪ್ರೈವೇಟ್ ಯೂನಿವರ್ಸಿಟಿದು, ಒಳಗೆ ಹೋದ್ರೆ ಗೋಡೆ ಮೇಲೆ ಫ್ರೇಮ್ ಹಾಕಿಸಿದ ಲೆಟರು, ದೊಡ್ಡ ಸೀಲು, ಟೇಬಲ್ ಮೇಲೆ ಗಣಪತಿ, ಎಸಿ, ಕುಡಿಯೋಕೆ ಬಾದಾಮಿ ಹಾಲು ಬೇರೆ ತರಿಸಿದ್ರು.

ಪುಸ್ತಕ ಬಂದಿದ್ದು ಪರೀಕ್ಷೆ ಹತ್ರ ಬಂದಾಗ. ಪುಸ್ತಕ ಅನ್ನೋಕೂ ಆಗಲ್ಲ, ಜೆರಾಕ್ಸ್ ಮಾಡಿ ಸ್ಪೈರಲ್ ಬೈಂಡ್ ಹಾಕಿದ್ದು, ಲೆಕ್ಕದ ಟೇಬಲ್‌ಗಳ ಬಲಗಡೆ ಕಾಲಂ ಎಲ್ಲಾ ಕಟ್ ಆಗಿ ಮೊತ್ತಾನೇ ಕಾಣ್ತಿರಲಿಲ್ಲ. ಅಕೌಂಟ್ಸ್ ಪುಸ್ತಕದಲ್ಲಿ ಮೊತ್ತ ಇಲ್ಲ ಅಂದ್ರೆ ಏನು ಓದೋದು ಹೇಳಿ! ಕಾಂಟ್ಯಾಕ್ಟ್ ಕ್ಲಾಸ್ ಅಂತ ಒಂದು ಭಾನುವಾರ ಕರೆದ್ರು, ಬಂದಿದ್ದ ಸರ್ ಪಾಠ ಮಾಡ್ಲಿಲ್ಲ, ಇಂಪಾರ್ಟೆಂಟ್ ಕ್ವೆಶ್ಚನ್ಸ್ ಓದಿ ಹೇಳಿ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ರು. ಇನ್ನು ಅಸೈನ್‌ಮೆಂಟ್ ಕಥೆ ಕೇಳಿ, ನಾನು ಬರ್ಕೊಂಡು ಹೋಗಿದ್ದೆ, ಕೌಂಟರ್‌ನಲ್ಲಿದ್ದ ಹುಡುಗ ನನ್ನ ಮುಖ ನೋಡಿ ನಗ್ತಾ, "ಯಾಕ್ ಮೇಡಂ ಇಷ್ಟೊಂದ್ ಕಷ್ಟ ಪಟ್ರಿ, ಐನೂರು ಕೊಟ್ಟಿದ್ರೆ ನಾವೇ ಬರೆಸಿ ಇಡ್ತಿದ್ವಿ, ಎಲ್ಲರೂ ಹಂಗೇ ಮಾಡೋದು" ಅಂದ. ದುಡ್ಡು ಹೋಗಿದ್ದಕ್ಕಿಂತ ನಂಗೆ ಜಾಸ್ತಿ ಉರಿದಿದ್ದು ಈ ಮಾತು. ಓದೋಕೆ ಬಂದೋರೂ ಇರ್ತಾರೆ ಅನ್ನೋದು ಅವರ ತಲೆಗೇ ಬಂದಿಲ್ಲ ನೋಡಿ.

ಪರೀಕ್ಷೆ ಬರೆದೆ. ಮಾರ್ಕ್ಸ್ ಕಾರ್ಡ್‌ನಲ್ಲಿ ಒಂದು ಪೇಪರಿಗೆ ಆಬ್ಸೆಂಟ್ ಅಂತ ಬಂತು. ಹಾಲ್ ಟಿಕೆಟ್ ಮೇಲೆ ಇನ್ವಿಜಿಲೇಟರ್ ಸಹಿ ಇದೆ, ಆದ್ರೂ ಆಬ್ಸೆಂಟ್. ಸೆಂಟರ್‌ನೋರು ಯೂನಿವರ್ಸಿಟಿನ ಕೇಳಿ ಅಂದ್ರು, ಯೂನಿವರ್ಸಿಟಿಗೆ ಫೋನ್ ಮಾಡಿದ್ರೆ ನಿಮ್ಮ ಸೆಂಟರ್ ಮೂಲಕ ಬನ್ನಿ ಅಂದ್ರು, ಅದೂ ಹಿಂದೀಲಿ. ಹಿಂಗೇ ಓಡಾಡ್ತಾ ಓಡಾಡ್ತಾ ಸೆಂಟರೇ ಬಾಗಿಲು ಹಾಕ್ತು, ಫೀಸಿನ ರಸೀದಿ ನೋಡಿದ್ರೆ ಅದು ಸೆಂಟರ್ ಹೆಸರಲ್ಲಿದೆ, ಯೂನಿವರ್ಸಿಟಿ ಹೆಸರಲ್ಲಿಲ್ಲ.

ಇದನ್ನ ಹೇಳಿದಾಗೆಲ್ಲ ಯಾರಾದ್ರೂ ಒಬ್ಬರು "ಯುಜಿಸಿ ಸೈಟ್ ನೋಡ್ಕೊಂಡು ಸೇರ್ಬೇಕಿತ್ತು" ಅಂತ ಬುದ್ಧಿ ಹೇಳ್ತಾರೆ, ಯುಜಿಸಿ ಅಂದ್ರೆ ಯೂನಿವರ್ಸಿಟಿಗಳಿಗೆ ಮಾನ್ಯತೆ ಕೊಡೋ ಕೇಂದ್ರದ ಸಂಸ್ಥೆ. ಹೌದು ಸ್ವಾಮಿ, ಖಾಸಗಿ ವಿಶ್ವವಿದ್ಯಾಲಯ ತನ್ನ ರಾಜ್ಯ ಬಿಟ್ಟು ಹೊರಗೆ ಸ್ಟಡಿ ಸೆಂಟರ್ ತೆರೆಯೋ ಹಾಗಿಲ್ಲ ಅಂತ ಯುಜಿಸಿ 2013ರಲ್ಲೇ ನೋಟಿಸ್ ಹಾಕಿತ್ತು. ಆದ್ರೆ ನೋಟಿಸ್ ಡೆಲ್ಲಿಲಿ, ಬೋರ್ಡು ತುಮಕೂರಲ್ಲಿ ಬಸ್ ಸ್ಟಾಂಡ್ ಎದುರಿಗೆ, ರಾತ್ರಿ ಲೈಟ್ ಬೇರೆ. ಊರಲ್ಲಿ ಅಷ್ಟು ದೊಡ್ಡದಾಗಿ ಬೋರ್ಡು ಹಾಕ್ಕೊಂಡು ವ್ಯಾಪಾರ ಮಾಡೋನನ್ನ ಯಾರೂ ಕೇಳಲ್ಲ, ಫೀಸು ಕಟ್ಟಿದ ಕ್ಲರ್ಕ್ ಮಾತ್ರ ಕಾನೂನು ಓದ್ಕೊಂಡಿರ್ಬೇಕಾ?

ಪ್ರೈವೇಟಿಗೆ ಸೇರಿದ್ರೆ ಹಿಂಗೆ, ಸರ್ಕಾರಿದಾದ್ರೆ ಭಯ ಇಲ್ಲ ಅನ್ನೋ ಹಾಗೂ ಇಲ್ಲ. ನಮ್ಮ ಚಿಕ್ಕಪ್ಪ ಮೈಸೂರು ವಿವಿಯ ಅಂಚೆ ತೆರಪಿನ ಶಿಕ್ಷಣದಲ್ಲಿ ಬಿಎ ಮಾಡಿದೋರು, ಅಂಚೇಲಿ ಬರ್ತಿದ್ದ ಪಾಠದ ಪುಸ್ತಕಗಳನ್ನ ಇವತ್ತಿಗೂ ಅಟ್ಟದ ಮೇಲೆ ಇಟ್ಕೊಂಡಿದಾರೆ, ಅಷ್ಟು ಚೆನ್ನಾಗಿ ಬರೆದಿದ್ರಂತೆ. ಅದೇ ಮುಂದೆ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಗಿದ್ದು. ಅಂಥ ಮುಕ್ತ ವಿವಿಗೇ 2012-13ರ ಆಚೆಗೆ ಯುಜಿಸಿ ಮಾನ್ಯತೆ ಮುಂದುವರಿಸ್ಲಿಲ್ಲ, ರಾಜ್ಯದ ಹೊರಗೆಲ್ಲ ಪಾರ್ಟ್ನರ್ ಸಂಸ್ಥೆಗಳನ್ನ ಇಟ್ಕೊಂಡು ಟೆಕ್ನಿಕಲ್ ಕೋರ್ಸೂ ನಡೆಸಿದ್ದು ಅದಕ್ಕೆ ದೊಡ್ಡ ಕಾರಣ, 2015ರಲ್ಲಿ ಯುಜಿಸಿ ಪಬ್ಲಿಕ್ ನೋಟಿಸೇ ಹಾಕ್ತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ಮಧ್ಯದಲ್ಲಿ ಸಿಕ್ಕಾಕೊಂಡೋರು, ಡಿಗ್ರಿ ಕೈಯಲ್ಲಿದ್ದೂ ಅದು ನಡೆಯತ್ತೋ ಇಲ್ವೋ ಅಂತ ಗೊತ್ತಿಲ್ಲದೆ ಕೂತೋರು, ನಮ್ಮ ಕಡೆ ಎಷ್ಟೋ ಜನ ಇದ್ರು. ಇಂಜಿನಿಯರಿಂಗ್‌ನೋರ ಕಥೆ ಇನ್ನೂ ಕೆಟ್ಟದು. ಕೆಲವು ಡೀಮ್ಡ್ ಯೂನಿವರ್ಸಿಟಿಗಳು (ಯೂನಿವರ್ಸಿಟಿ ಸ್ಥಾನ ಸಿಕ್ಕಿರೋ ಸಂಸ್ಥೆಗಳು) ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟಿದ್ದ ಇಂಜಿನಿಯರಿಂಗ್ ಡಿಗ್ರಿ ಬಗ್ಗೆ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದ್ದು 2017ರ ನವೆಂಬರ್‌ನಲ್ಲಿ, 2001ರಿಂದ 2005ರವರೆಗೆ ಸೇರಿದ್ದೋರು ಅಷ್ಟು ವರ್ಷ ಕೆಲಸ ಮಾಡಿ ಆಮೇಲೆ ಮತ್ತೆ ಟೆಸ್ಟ್ ಬರೆದು ಪಾಸ್ ಆಗ್ಬೇಕು ಅಂತ ಆಯ್ತು. ಮನೇಲಿ ಮಕ್ಕಳು ಹೈಸ್ಕೂಲಿಗೆ ಬಂದಿರೋ ಹೊತ್ತಿಗೆ ಅಪ್ಪ ಇಂಜಿನಿಯರಿಂಗ್ ಪುಸ್ತಕ ಹಿಡ್ಕೊಂಡು ಕೂರೋದು.

ಈಗ ಬಿಡಿ, ಮೊಬೈಲ್ ಅಂಗಡಿ ಮೇಲಿಂದ ಮೊಬೈಲ್ ಒಳಗೇ ಬಂದುಬಿಟ್ಟಿದೆ.

ನಮ್ಮ ಚಿಕ್ಕಮ್ಮನ ಮಗಳು ಒಂದು ಆ್ಯಪ್ ಕಂಪನಿಲಿ ಡೇಟಾ ಸೈನ್ಸ್ ಕೋರ್ಸಿಗೆ ಸೇರಿದ್ಲು. ಅವಳ ಕೌನ್ಸೆಲರ್ ಅಂತೂ ವಿಡಿಯೋ ಕಾಲ್‌ನಲ್ಲಿ ಚಿಕ್ಕಮ್ಮನ ಹತ್ರಾನೂ ಮಾತಾಡಿದ, "ಆಂಟಿ, ನಿಮ್ಮ ಮಗಳ ಫ್ಯೂಚರ್ ಪ್ರಶ್ನೆ" ಅಂತ. ಪ್ರೊಸೀಜರ್ ಅಂತ ಹೇಳಿ ಆಧಾರ್, ಪ್ಯಾನ್, ಒಟಿಪಿ ಎಲ್ಲಾ ಒಂದೇ ಸಲ ತಗೊಂಡ್ರು, ಇಎಂಐ ಅಂದ್ರು. ಆಮೇಲೆ ನೋಡಿದ್ರೆ ಅದು ಇನ್ಯಾವುದೋ ಫೈನಾನ್ಸ್ ಕಂಪನಿಯ ಸಾಲ, ಪೂರ್ತಿ ಫೀಸು ಮೊದಲೇ ಆ್ಯಪ್‌ನೋರಿಗೆ ಹೋಗಿದೆ, ಇವಳು ತಿಂಗಳು ತಿಂಗಳು ಕಟ್ತಾ ಇರೋದು ಆ ಫೈನಾನ್ಸಿಗೆ. ಲೈವ್ ಕ್ಲಾಸ್ ಅಂದಿದ್ದು ಸ್ವಲ್ಪ ದಿನಕ್ಕೆ ರೆಕಾರ್ಡೆಡ್ ಆಯ್ತು, ಡೌಟ್ ಕೇಳಿದ್ರೆ ಟಿಕೆಟ್ ರೈಸ್ ಮಾಡಿ ಅಂತ ಬರತ್ತೆ, ಮೆಂಟರ್ ಬದಲಾಗ್ತಾನೇ ಇರ್ತಾರೆ, ಜಾಬ್ ಗ್ಯಾರಂಟಿ ಅಂತ ಬಾಯಲ್ಲಿ ಹೇಳಿದ್ದು ಅಗ್ರಿಮೆಂಟ್‌ನಲ್ಲಿ ಪ್ಲೇಸ್‌ಮೆಂಟ್ ಅಸಿಸ್ಟೆನ್ಸ್ ಆಗಿದೆ. ಕ್ಲಾಸ್ ಬಿಟ್ಟು ಕಟ್ಟೋದು ನಿಲ್ಲಿಸಿದ್ರೆ ಸಿಬಿಲ್ ಸ್ಕೋರ್ ಹಾಳಾಗೋದು ಇವಳದು, ಕಂಪನಿದಲ್ಲ.

2021ರ ಡಿಸೆಂಬರ್‌ನಲ್ಲೇ ಕೇಂದ್ರದ ಶಿಕ್ಷಣ ಇಲಾಖೆ ಈ ಆ್ಯಪ್‌ಗಳ ಸಾಲ, ಆಟೋ ಡೆಬಿಟ್ ಬಗ್ಗೆ ಹುಷಾರು ಅಂತ ಹೇಳಿತ್ತು, 2022ರ ಜನವರಿಲಿ ಯುಜಿಸಿನೂ, ಯೂನಿವರ್ಸಿಟಿಗಳು ದೂರಶಿಕ್ಷಣ, ಆನ್‌ಲೈನ್ ಡಿಗ್ರಿಗಳನ್ನ ಇಂಥ ಕಂಪನಿಗಳಿಗೆ ಫ್ರಾಂಚೈಸಿ ಕೊಡೋ ಹಾಗಿಲ್ಲ ಅಂತು. ಈಗ ದೂರಶಿಕ್ಷಣ ಡಿಗ್ರಿಗೆ ಸೇರೋ ಮುಂಚೆ ಯುಜಿಸಿ ಪೋರ್ಟಲ್‌ನಲ್ಲಿ ಡಿಇಬಿ ಐಡಿ, ಅಂದ್ರೆ ಯುಜಿಸಿಯ ದೂರಶಿಕ್ಷಣ ವಿಭಾಗದ ವಿದ್ಯಾರ್ಥಿ ನಂಬರು, ಮಾಡಿಸ್ಕೋಬೇಕು, ಇದು ಒಳ್ಳೇದೇ, ನನ್ನ ಕಾಲಕ್ಕೆ ಇದ್ದಿದ್ರೆ ಆ ಬಾದಾಮಿ ಹಾಲು ಅಲ್ಲಿಗೇ ನಿಂತಿರೋದು. ಆದ್ರೆ ಡೇಟಾ ಸೈನ್ಸ್ ಸರ್ಟಿಫಿಕೇಟ್ ಥರದ್ದಕ್ಕೆ ಇದ್ಯಾವುದೂ ತಾಗಲ್ಲ, ಅದು ಡಿಗ್ರಿನೇ ಅಲ್ವಲ್ಲ.

ಕೊನೆಗೆ ಅವಳು ಕನ್ಸ್ಯೂಮರ್ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಲು, ಕೌನ್ಸೆಲರ್ ಕಳಿಸಿದ್ದ ವಾಟ್ಸಾಪ್ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಎಲ್ಲಾ ಹಾಕಿದ್ಲು. ಇಷ್ಟು ತಿಂಗಳು ಒಂದು ಮೇಲ್‌ಗೂ ಉತ್ತರ ಕೊಡದೋರು ತಾವಾಗೇ ಫೋನ್ ಮಾಡಿದ್ರು! ಅರ್ಧ ದುಡ್ಡು ವಾಪಸ್ ಕೊಡ್ತೀವಿ, ಆದ್ರೆ ಎಲ್ಲೂ ನಮ್ಮ ಬಗ್ಗೆ ಬರೆಯಲ್ಲ ಅಂತ ಸಹಿ ಹಾಕಿ ಕೊಡಿ ಅಂತ. "ಏನ್ ಮಾಡ್ಲಿ ಅಕ್ಕ" ಅಂತ ನಿನ್ನೆ ಕೇಳಿದ್ಲು. ಸಹಿ ಹಾಕ್ಬೇಡ, ಪೂರ್ತಿ ಕೇಳು, ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗೋಣ ಅಂದಿದೀನಿ, ಚಿಕ್ಕಮ್ಮ ಸಿಕ್ಕಿದಷ್ಟು ತಗೊಂಡು ಮುಗಿಸು ಅಂತಿದಾರೆ. ಸೋಮವಾರದೊಳಗೆ ಹೇಳಿ, ಅದೇ ಲಾಸ್ಟ್ ಡೇಟು ಅಂದಿದಾರಂತೆ.